ಕುಡಿಯುವ ನೀರಿನ ಹಳೇ ಡ್ಯಾಂ: ಏರಿ ಜಿನುಗುತ್ತಿದೆ, ಕೋಡಿಯೂ ಸಣ್ಣದು. ಯಾವುದು ಮೊದಲು?

ಘಟ್ಟದಂಚು (ಶಿರಸಿ):
ಊರಿಗೆ ನೀರು ಕೊಡುವ ಮಣ್ಣಿನ ಡ್ಯಾಂ. ಏರಿ ಎತ್ತರ 11 ಮೀಟರ್, ಜಲಾನಯನ 2 ಚದರ ಕಿ.ಮೀ. ಕೋಡಿ ಉದ್ದ 12 ಮೀಟರ್, ಕೋಡಿಯಿಂದ ಏರಿಯ ತಲೆಗೆ 1.5 ಮೀಟರ್. ತೂಬಿಗೆ 450 ಮಿ.ಮೀ. ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ), 30 ಮೀಟರ್. ಅದರ ಹೊರಬಾಯಿಯ ಪಕ್ಕ ಏರಿಯ ಬುಡ ಸದಾ ಒದ್ದೆ. ಹೊರಮೈ ತುಂಬ ಅಕೇಶಿಯಾ. ಬೇಸಿಗೆಗೆ ನೀರು ಉಳಿಯಲೆಂದು ಕೋಡಿ ಮೇಲೆ 30 ಸೆಂ.ಮೀ. ಎತ್ತರಕ್ಕೆ ಮರಳು ಚೀಲ ಪೇರಿಸುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಕೋಡಿಲೆಕ್ಕ:
ಮೊದಲು ಆ ಚೀಲ ತೆಗೆಸಿ ಸರ್, ಇವತ್ತೇ. ಕೋಡಿಯ ಹರಿವು 1.7 × ಉದ್ದ × ನೀರಿನ ಎತ್ತರದ 1.5ನೇ ಘಾತ. ಅಲೆಗೆಂದು 0.9 ಮೀಟರ್ ಬಿಟ್ಟರೆ ನಿಮಗೆ ಉಳಿಯುವುದು 0.6 ಮೀಟರ್, ಅಂದರೆ ಸೆಕೆಂಡಿಗೆ 9.5 ಘನ ಮೀಟರ್. ಚೀಲ ಇಟ್ಟರೆ 0.3 ಮೀಟರ್, ಹರಿವು ಬರೀ 3.4. ಚೀಲದ ಎತ್ತರ ಅರ್ಧ ಅಡಚಣೆಯಂತೆ ಕಂಡರೂ ಕಳೆದುಹೋಗುವುದು ಹರಿವಿನ ಮೂರರಲ್ಲಿ ಎರಡು ಪಾಲು.

ಇನ್ನು ಬರುವ ನೀರು. ಗಂಟೆಗೆ 75 ಮಿ.ಮೀ. ಮಳೆ, ಹರಿವಿನ ಗುಣಾಂಕ (ಮಳೆಯಲ್ಲಿ ಹರಿದು ಕೆರೆಗೆ ಬರುವ ಪಾಲು) 0.5 ಹಿಡಿದರೆ ಸೆಕೆಂಡಿಗೆ 21 ಘನ ಮೀಟರ್. ಸುತ್ತ ಕಾಡಿದ್ದರೂ ಜುಲೈಯಲ್ಲಿ ನೆಲ ನೆನೆದಿರುತ್ತದೆ, 0.5ಕ್ಕಿಂತ ಇಳಿಸಬೇಡಿ. ಇದು ಅಂದಾಜು ಅಷ್ಟೇ. ಕೋಡಿ ವಿನ್ಯಾಸದ ಭಾರತೀಯ ಮಾನಕ ಐಎಸ್ 11223ರಲ್ಲಿ ನಿಮ್ಮದು ಸಣ್ಣ ಡ್ಯಾಂ, 100 ವರ್ಷಕ್ಕೊಮ್ಮೆಯ ನೆರೆಗೆ ವಿನ್ಯಾಸ ಮಾಡಿಸಬೇಕು. ಕೆಳಗೆ ಮನೆಗಳಿದ್ದರೆ ಇನ್ನೂ ಹೆಚ್ಚಿನದಕ್ಕೆ. 2019ರ ಆಗಸ್ಟ್ ಮಳೆಗೆ ಮುಂಡಗೋಡದ ಚಿಗಳ್ಳಿ ಡ್ಯಾಂ ಒಡೆದದ್ದು ನೆನಪಿರಲಿ.

ಕೊರತೆ 11.5 ಘನ ಮೀಟರ್. ಅದಕ್ಕೆ ಏರಿಯ ಮಣ್ಣು ಮುಟ್ಟದೆ, ಪಕ್ಕದ ಗುಡ್ಡದ ನೆಲದಲ್ಲಿ ತುರ್ತು ಕೋಡಿ ಕಡಿಯಿರಿ. ಹಳೇ ಕೋಡಿಗಿಂತ 20 ಸೆಂ.ಮೀ. ಮೇಲೆ ಅದರ ಹೊಸ್ತಿಲು. ಆಗ 0.4 ಮೀಟರ್ ನೀರು ಸಿಗುತ್ತದೆ, ಪ್ರತಿ ಮೀಟರಿಗೆ 0.43 ಘನ ಮೀಟರ್, ಒಟ್ಟು 27 ಮೀಟರ್ ಅಗಲ ಬೇಕು.

ನಮ್ಮ ಕಡೆ ಎಡವುವುದು ಇಲ್ಲೇ: ಮೇಲೆ ಚಿರೆಕಲ್ಲು ಕಂಡು ನೆಲ ಗಟ್ಟಿ ಅಂದುಕೊಳ್ಳುತ್ತಾರೆ. ಅದರಡಿಯ ಶೇಡಿ ಎಂಬ ಮೆತ್ತನೆ ಮಣ್ಣು ನೀರು ತಾಗಿದರೆ ಕೊಚ್ಚಿಹೋಗುತ್ತದೆ. ಕಾಲುವೆಯ ಕೆಳತುದಿಯಲ್ಲಿ ಒಂದು ಗುಂಡಿ ಬಿತ್ತೋ, ಅದು ಹಿಂದಕ್ಕೆ ಕೊರೆಯುತ್ತಾ ಹೊಸ್ತಿಲ ತನಕ ಬರುತ್ತದೆ. ಹಾಗಾಗಿ ಕಾಂಕ್ರೀಟ್ ಹೊಸ್ತಿಲಿಗೂ ಕೆಳತುದಿಗೂ ಕನಿಷ್ಠ 1.5 ಮೀಟರ್ ಆಳದ ಅಡ್ಡಗೋಡೆ ಕಟ್ಟಿ. ಶೇಡಿ ಅಲ್ಲೂ ಮುಗಿಯದಿದ್ದರೆ ಇನ್ನೂ ಆಳಕ್ಕೆ ಹೋಗಿ.

ಮಣ್ಣುಪರೀಕ್ಷೆ:
ಒದ್ದೆ ಜಾಗಕ್ಕೆ ಜೇಡಿ ಮೆತ್ತುವುದು, ಕಾಂಕ್ರೀಟ್ ಹಾಕುವುದು ಖಂಡಿತ ಬೇಡ. ನೀರಿನ ಒತ್ತಡ ಒಳಗೇ ಏರಿ ಬೇರೆ ಕಡೆ ಒಡೆಯುತ್ತದೆ. ನೀರು ಬರಲಿ, ಮಣ್ಣು ಬರಬಾರದು. ತೊಳೆದ ಮರಳು, ಅದರ ಮೇಲೆ ಜಲ್ಲಿ, ಮೇಲೆ ಕಲ್ಲು. ಎಂ-ಸ್ಯಾಂಡ್ ಆದರೆ ತೊಳೆಯದೆ ಹಾಕಬೇಡಿ, ಧೂಳು 5%ಕ್ಕಿಂತ ಹೆಚ್ಚಿದ್ದರೆ ಮರಳೇ ಕಟ್ಟಿಕೊಳ್ಳುತ್ತದೆ. ಬುಡದ ಚರಂಡಿಗೆ ಜಿನುಗು ಅಳೆಯಲು 90 ಡಿಗ್ರಿ ವಿ-ನಾಚ್ ಹಲಗೆ (V ಆಕಾರದ ಕಚ್ಚು ಇರುವುದು) ಇಡಿ: ನೀರು 5 ಸೆಂ.ಮೀ. ನಿಂತರೆ ನಿಮಿಷಕ್ಕೆ 46 ಲೀಟರ್. ಕೆರೆಯ ಮಟ್ಟದ ಜೊತೆ ದಿನಾ ಬರೆದಿಡಿ. ಮಟ್ಟ ಏರದೆ ಜಿನುಗು ಏರಿದರೆ, ಇಲ್ಲವೇ ನೀರು ಕದಡಿದರೆ, ತಡಮಾಡದೆ ತೂಬು ತೆರೆದು ಎಂಜಿನಿಯರಿಗೆ ಹೇಳಿ.

ಅಕೇಶಿಯಾ ಬುಡ ಕಡಿದು ಬೇರು ಬಿಟ್ಟರೆ ಅದು ಕೊಳೆತು ನೀರಿಗೆ ದಾರಿಯಾಗುತ್ತದೆ. ದಪ್ಪ ಮರಗಳ ಬೇರು ಅಗೆದು, 15 ಸೆಂ.ಮೀ. ಪದರದಲ್ಲಿ ಮಣ್ಣು ತುಂಬಿ ಧಮ್ಮಸ್ ಮಾಡಿ. ಇದು ಮಳೆಗಾಲದ ಕೆಲಸವಲ್ಲ.

ಘಟ್ಟದಂಚು (ಶಿರಸಿ):
ತೂಬಿನ ಹಳೇ ಪೈಪನ್ನೂ ಸರಿಪಡಿಸಬೇಕಲ್ಲ, ಅದಕ್ಕೆ ಕೆರೆ ಖಾಲಿ ಮಾಡಿದರೆ ಊರಿಗೆ ನೀರು?

ಮಣ್ಣುಪರೀಕ್ಷೆ:
ಪೂರ್ತಿ ಖಾಲಿ ಬೇಡ. ಡಿಸೆಂಬರಿನಿಂದ ಕೋಡಿ ಮತ್ತು ಬುಡದ ಮರಳು, ಎರಡಕ್ಕೂ ಕೆರೆ ಇಳಿಸಬೇಕಿಲ್ಲ. ತೂಬು ಮಾರ್ಚ್-ಏಪ್ರಿಲ್‌ಗೆ. ನೀರು ಹೇಗೂ ಇಳಿದಿರುತ್ತದೆ. ಕೆರೆಯ ಕಡೆಯ ತೂಬಿನ ಬಾಯಿಗೆ ಅರ್ಧವೃತ್ತದ ಅಡ್ಡಕಟ್ಟೆ ಹಾಕಿ, ಉಳಿದ ನೀರನ್ನು ತೇಲುವ ಪಂಪಿನಿಂದ ಊರಿನ ಲೈನಿಗೆ ಕೊಡಿ. ಇನ್ನೂ ಇಳಿಸಬೇಕಾದರೆ ದಿನಕ್ಕೆ 15 ಸೆಂ.ಮೀ. ಮೀರಬೇಡಿ, ಒಳಮೈ ಜರಿಯುತ್ತದೆ.

ಹ್ಯೂಮ್ ಪೈಪಿನೊಳಗೆ 355 ಮಿ.ಮೀ. ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್ ತೂರಿಸಿ, ನಡುವಿನ ಸಂದಿಗೆ ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬಿ, ಲೆಕ್ಕಕ್ಕೆ 1.8 ಘನ ಮೀಟರ್. ಅದಕ್ಕಿಂತ ತುಂಬಾ ಹೆಚ್ಚು ಹಿಡಿದರೆ ಪೈಪಿನ ಹೊರಗೆ ಪೊಳ್ಳಿದೆ ಎಂದರ್ಥ. ಗ್ರೌಟ್ ಬಿಡುವಾಗ ಹೊಸ ಪೈಪಿಗೆ ನೀರು ತುಂಬಿಸಿಡಿ, ಇಲ್ಲದಿದ್ದರೆ ತೇಲಿ ಮೇಲಕ್ಕೆ ಅಂಟಿಕೊಳ್ಳುತ್ತದೆ. ಗ್ರೌಟ್ ತಗ್ಗಿನ ತುದಿಯಿಂದ ಹೋಗಲಿ, ಗಾಳಿ ಎತ್ತರದ ತುದಿಯಿಂದ ಹೊರಬರಲಿ.