ಪ್ರಶ್ನೋತ್ತರ: ಇವತ್ತಿನ ರಾಜಕೀಯವನ್ನು ರಾಜ್ಯಶಾಸ್ತ್ರದ ಕ್ಲಾಸಿಗೆ ತರುವುದು ಹೇಗೆ?

ಅಡ್ಮಿನ್: ಈ ವಾರ ಉತ್ತರ ಕೊಡುವವರು ನಮ್ಮ ಮೇಷ್ಟ್ರು. 31 ವರ್ಷ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ 2021ರಲ್ಲಿ ನಿವೃತ್ತರಾದವರು. ಪ್ರಶ್ನೆ ಚಿಕ್ಕದಾಗಿರಲಿ. ಪಕ್ಷದ ಜಗಳ ಬೇಡ.

ಹಾವೇರಿಯ ಉಪನ್ಯಾಸಕ: ಸರ್ ನಮಸ್ತೆ. ಕ್ಲಾಸಿನಲ್ಲಿ ಪೇಪರ್ ಓದಿಸಲು ಎಷ್ಟು ಹೊತ್ತು ಕೊಡಬೇಕು?

ಮೇಷ್ಟ್ರು: ನಮಸ್ತೆ. ಹತ್ತು ನಿಮಿಷ ಸಾಕು. ಒಂದು ಸುದ್ದಿ, ಅದಕ್ಕೆ ಸಂಬಂಧಪಟ್ಟ ಸಂವಿಧಾನದ ಒಂದು ವಿಧಿ. ವಿಧಿಯನ್ನು ಮೊದಲು ಓದಿಸಿ, ಸುದ್ದಿ ಆಮೇಲೆ.

ಅತಿಥಿ ಉಪನ್ಯಾಸಕಿ, ತುಮಕೂರು ಜಿಲ್ಲೆ: ಸರ್, ಸ್ವಲ್ಪ ಉದ್ದವಾಗುತ್ತೆ, ಕ್ಷಮಿಸಿ. ದ್ವಿತೀಯ ಪಿಯು ಮಕ್ಕಳಿಗೆ ಪಕ್ಷಾಂತರ ನಿಷೇಧ ಕಾಯ್ದೆ ಹೇಳುತ್ತಾ 2019ರಲ್ಲಿ ಅನರ್ಹರಾದ ನಮ್ಮ ರಾಜ್ಯದ 17 ಶಾಸಕರ ಉದಾಹರಣೆ ಕೊಟ್ಟೆ. ಮಾತಿನ ಭರದಲ್ಲಿ "ದುಡ್ಡಿಗೆ ಮಾರಿಕೊಂಡರು" ಅಂದುಬಿಟ್ಟೆ. ಒಬ್ಬ ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದ. ನಲವತ್ತು ಸೆಕೆಂಡಿನ ಆ ತುಣುಕು ಊರಿನ ಗ್ರೂಪಿನಲ್ಲೆಲ್ಲಾ ಓಡಾಡಿದೆ. ಕಾಲೇಜು ಅಭಿವೃದ್ಧಿ ಸಮಿತಿಯವರೊಬ್ಬರು ಪ್ರಾಂಶುಪಾಲರಿಗೆ ಫೋನ್ ಮಾಡಿದ್ದಾರೆ. ಕ್ಲಾಸಿನ ಒಬ್ಬ ಹುಡುಗಿಯ ಚಿಕ್ಕಪ್ಪ ಆ ಶಾಸಕರ ಪಕ್ಷದ ಕಾರ್ಯಕರ್ತ. ಅವಳು ಮೂರು ದಿನದಿಂದ ಬಂದಿಲ್ಲ. ಏನು ಮಾಡಲಿ?

ಮೇಷ್ಟ್ರು: ಅಮ್ಮಾ, ಇವತ್ತೇ ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಕೊಡಿ. ಯಾವ ದಿನ, ಯಾವ ಅಧ್ಯಾಯ, ಪುಸ್ತಕದ ಯಾವ ಪುಟ, ಎಲ್ಲಾ ಇರಲಿ. ಆ ಒಂದು ಮಾತು ತಪ್ಪಾಯಿತು ಅಂತಲೂ ಬರೆಯಿರಿ. ನಕಲಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ವಾಟ್ಸ್ಯಾಪಿನಲ್ಲಿ ಸಮಜಾಯಿಷಿ ಕೊಡಲು ಹೋಗಬೇಡಿ. ರೆಕಾರ್ಡ್ ಮಾಡಿದ ಹುಡುಗನನ್ನು ಎಲ್ಲರೆದುರು ಬೈಯಬೇಡಿ.

ಆ ಮಾತು ಯಾಕೆ ತಪ್ಪು ಅಂದರೆ, ಅದು ತೀರ್ಪಿನಲ್ಲಿ ಇಲ್ಲ. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಎರಡು ಮಾತು. ಸ್ಪೀಕರ್ ಅನರ್ಹಗೊಳಿಸಿದ್ದು ಸರಿ. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಬಾರದು ಅಂದದ್ದು ಸರಿಯಲ್ಲ. ಮುಂದಿನ ತಿಂಗಳೇ 15 ಕ್ಷೇತ್ರಕ್ಕೆ ಉಪಚುನಾವಣೆ ಆಯಿತು. ಅನರ್ಹರಾದವರಲ್ಲಿ ಹೆಚ್ಚಿನವರು ಬೇರೆ ಪಕ್ಷದಿಂದ ನಿಂತರು. ಗೋಕಾಕದಲ್ಲಿ ಜನ ಗೆಲ್ಲಿಸಿದರು. ಹುಣಸೂರು, ಹೊಸಕೋಟೆಯಲ್ಲಿ ಸೋಲಿಸಿದರು. ಕಾನೂನು ಅನರ್ಹ ಅಂದವರನ್ನು ಮತದಾರ ಆರಿಸಬಹುದಾ? ಮಕ್ಕಳ ಮುಂದೆ ಇಡಬೇಕಾದ ಪ್ರಶ್ನೆ ಇದು. "ಮಾರಿಕೊಂಡರು" ಅಂದ ತಕ್ಷಣ ನೀವೇ ತೀರ್ಪು ಕೊಟ್ಟ ಹಾಗಾಯಿತು. ಮಕ್ಕಳಿಗೆ ಯೋಚಿಸಲು ಏನೂ ಉಳಿಯಲಿಲ್ಲ.

ನಾನು ಕಂಡದ್ದು ಹೇಳುತ್ತೇನೆ. 2019ರ ಜುಲೈ 19, ಶುಕ್ರವಾರ. ಮಧ್ಯಾಹ್ನ 1.30ರೊಳಗೆ ಬಹುಮತ ಸಾಬೀತು ಮಾಡಿ ಅಂತ ರಾಜ್ಯಪಾಲರು ಮುಖ್ಯಮಂತ್ರಿಗೆ ಬರೆದಿದ್ದರು. ನನ್ನ ಕ್ಲಾಸು 11.15ಕ್ಕೆ. ಬೋರ್ಡಿನ ಮೇಲೆ "1.30" ಅಂತ ಮಾತ್ರ ಬರೆದೆ. ಸದನಕ್ಕೆ ಗಡಿಯಾರ ತೋರಿಸುವ ಅಧಿಕಾರ ರಾಜ್ಯಪಾಲರಿಗೆ ಇದೆಯಾ ಅಂತ ಕೇಳಿದೆ. ಸದಾ ಕಿಟಕಿಯಾಚೆ ನೋಡುತ್ತಿದ್ದ ಹುಡುಗನೊಬ್ಬ ಎದ್ದು ಸಂವಿಧಾನದ 175(2)ನೇ ವಿಧಿ ಓದಿದ. ರಾಜ್ಯಪಾಲರು ಸದನಕ್ಕೆ ಸಂದೇಶ ಕಳಿಸಬಹುದು, ಸದನ ಅದನ್ನು ಬೇಗ ಪರಿಗಣಿಸಬೇಕು ಅಂತ ಇದೆ. "ಸಾರ್, ಟೈಮ್ ಹಾಕಬಹುದು ಅಂತ ಎಲ್ಲೂ ಇಲ್ಲ" ಅಂದ. ಇನ್ನೊಬ್ಬಳು "ಬೇಗ ಅಂದರೆ ಎಷ್ಟು ಬೇಗ?" ಅಂದಳು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಆ ಗಡುವೂ ದಾಟಿತು, ಸಂಜೆ ಕೊಟ್ಟ ಇನ್ನೊಂದೂ ದಾಟಿತು. ಮತ ಬಿದ್ದದ್ದು 23ಕ್ಕೆ, ಸರ್ಕಾರದ ಪರ 99, ವಿರುದ್ಧ 105. ಯಾರು ಸರಿ ಅಂತ ನಾನು ಹೇಳಲಿಲ್ಲ.

ನಿಮ್ಮ ಮುಂದಿನ ಕ್ಲಾಸು 1989ರಿಂದ ಶುರುವಾಗಲಿ. ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಪ್ರಕರಣ ನಮ್ಮ ರಾಜ್ಯದ್ದೇ. 19 ಶಾಸಕರ ಪತ್ರ ನಂಬಿ ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಅವರಲ್ಲಿ ಏಳು ಜನ ಮಾತು ಬದಲಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರೂ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ಈಗಿನ ಮಕ್ಕಳಿಗೆ ಅದು ಹುಟ್ಟುವ ಮೊದಲಿನ ಕಥೆ. ಯಾರ ಚಿಕ್ಕಪ್ಪನೂ ಅಡ್ಡ ಬರುವುದಿಲ್ಲ. ನಿಯಮ ಅಲ್ಲಿ ಕಲಿಯಲಿ, ಆಮೇಲೆ 2018ಕ್ಕೆ, 2019ಕ್ಕೆ ಬನ್ನಿ.

ಆ ಹುಡುಗಿಯ ಮನೆಗೆ ನೀವೇ ಫೋನ್ ಮಾಡಿ. ನಾನು ಹಾಗೆ ಹೇಳಬಾರದಿತ್ತು ಅನ್ನಿ. ಇದು ಮೊದಲು ಆಗಲಿ.

ಮಂಡ್ಯದ ಉಪನ್ಯಾಸಕ: ಸರ್, ಇದು ಬಂದಿದೆ, ಮಕ್ಕಳಿಗೆ ಹೇಳಬಹುದಾ? "ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಿ. ಟೆಂಡರ್ ವೋಟ್ ಶೇ 14 ದಾಟಿದರೆ ಮರುಮತದಾನ. ಎಲ್ಲರಿಗೂ ಕಳಿಸಿ."

ಮೇಷ್ಟ್ರು: ಹೇಳಬೇಡಿ. ಎರಡೂ ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ. ನಿಮ್ಮ ಹೆಸರಿನಲ್ಲಿ ಬೇರೆಯವರು ಹಾಕಿ ಹೋಗಿದ್ದರೆ ಮಾತ್ರ ಟೆಂಡರ್ ಮತ, ಅದೂ ಕಾಗದದ ಮತಪತ್ರದಲ್ಲಿ. ಶೇ 14ರ ನಿಯಮ ಎಲ್ಲೂ ಇಲ್ಲ. ಇದನ್ನು ನಂಬಿದ ಹುಡುಗ ಮತಗಟ್ಟೆಯಿಂದ ವಾಪಸ್ ಬರುತ್ತಾನೆ. ಕ್ಲಾಸಿನಲ್ಲಿ ಹೇಳಿಕೊಟ್ಟವರು ನೀವು ಅಂತ ಅವನಿಗೆ ನೆನಪಿರುತ್ತದೆ.

ಪೋಷಕರೊಬ್ಬರು: ನೋಟಾಗೆ ಜಾಸ್ತಿ ಮತ ಬಿದ್ದರೆ ಶಾಸಕರ ಚುನಾವಣೆ ಮತ್ತೆ ಆಗುತ್ತಂತೆ?

ಮೇಷ್ಟ್ರು: ಇಲ್ಲ. ಅಭ್ಯರ್ಥಿಗಳಲ್ಲಿ ಜಾಸ್ತಿ ಮತ ಪಡೆದವರೇ ಗೆಲ್ಲುತ್ತಾರೆ.

ಬೀದರಿನ ಉಪನ್ಯಾಸಕಿ: ರಾಜ್ಯಪಾಲರು ಮಸೂದೆಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಮಕ್ಕಳು ಕೇಳುತ್ತಾರೆ. ಏನು ಬರೆಸಲಿ ಸರ್?

ಹಿರಿಯ ಸದಸ್ಯ: ಸುಮ್ನೆ ಇವೆಲ್ಲಾ ಯಾಕೆ? ಪರೀಕ್ಷೆಗೆ ಬರುವುದು ಪಠ್ಯಪುಸ್ತಕ. ಅಂಕ ಬರಬೇಕು, ಫಲಿತಾಂಶ ಬರಬೇಕು. ಆ ಮೇಡಂ ಪುಸ್ತಕ ಬಿಟ್ಟಿದ್ದಕ್ಕೇ ಸಿಕ್ಕಿಬಿದ್ದದ್ದು.

ಹಾವೇರಿಯ ಉಪನ್ಯಾಸಕ: ಪಕ್ಷಾಂತರ ನಿಷೇಧ ಪುಸ್ತಕದಲ್ಲೇ ಇದೆ ಸ್ವಾಮಿ. ಉದಾಹರಣೆ ಇಲ್ಲದೆ ಹೇಗೆ ಹೇಳುತ್ತೀರಿ?

ಹಿರಿಯ ಸದಸ್ಯ: 2018ರಲ್ಲಿ ಬಹುಮತವಿಲ್ಲದ 104 ಸೀಟಿಗೆ ಪ್ರಮಾಣವಚನ ಮಾಡಿಸಿದ್ದನ್ನೂ ಹೇಳುತ್ತೀರಾ? ಅಥವಾ ನಿಮಗೆ ಬೇಕಾದದ್ದು ಮಾತ್ರವಾ?

ಮಂಡ್ಯದ ಉಪನ್ಯಾಸಕ: 1989ರಲ್ಲಿ ದೆಹಲಿಯಲ್ಲಿ ಯಾರಿದ್ದರು ಅಂತಲೂ ಹೇಳಿ. ರಾಜ್ಯ ಸರ್ಕಾರ ವಜಾ ಮಾಡಲು 356ನೇ ವಿಧಿ ಬಳಸುವುದನ್ನು ಶುರು ಮಾಡಿದ್ದು ಯಾರು?

ಹಾವೇರಿಯ ಉಪನ್ಯಾಸಕ: ನಾನು ಕೇಳಿದ್ದಕ್ಕೂ ಇದಕ್ಕೂ ಏನ್ರೀ ಸಂಬಂಧ? ಮೊದಲು ಫಾರ್ವರ್ಡ್ ಓದುವುದು ಬಿಡಿ.

ಮಂಡ್ಯದ ಉಪನ್ಯಾಸಕ: ಮರ್ಯಾದೆ ಕೊಟ್ಟು ಮಾತಾಡಿ.

ಅಡ್ಮಿನ್: ದಯವಿಟ್ಟು ನಿಲ್ಲಿಸಿ. ಮೂರನೇ ಸಲ ಹೇಳುತ್ತಿದ್ದೇನೆ.

ಇನ್ನೊಬ್ಬ ಸದಸ್ಯ: ಸರ್, ನೋಟಾ ಜಾಸ್ತಿ ಬಂದರೆ ಮರುಚುನಾವಣೆ ನಿಜಾನಾ?

ಮೇಷ್ಟ್ರು: ಮೇಲೆ ಓದಿ.

ಹಿರಿಯ ಸದಸ್ಯರೇ, ಫಲಿತಾಂಶದ ಚಿಂತೆ ನನಗೂ ಇತ್ತು. 175(2) ಓದಿದ ಆ ಹುಡುಗ ಅದನ್ನು ಉರು ಹೊಡೆಯಲಿಲ್ಲ. ಪರೀಕ್ಷೆಯಲ್ಲಿ ರಾಜ್ಯಪಾಲರ ಅಧಿಕಾರದ ಪ್ರಶ್ನೆಗೆ ಎರಡು ಪುಟ ಬರೆದ. ಉಳಿದವರು 2018, 1989 ಅಂತ ಕಿತ್ತಾಡಿದ್ದೀರಿ. ಮೂರು ದಿನದಿಂದ ಕಾಲೇಜಿಗೆ ಬರದ ಹುಡುಗಿಯ ಬಗ್ಗೆ ಒಬ್ಬರೂ ಕೇಳಲಿಲ್ಲ. ನನಗೆ ಬೇಜಾರಾಗಿದೆ. ಇವತ್ತು ಇನ್ನು ಆ ಮೇಡಂಗೆ ಮಾತ್ರ ಉತ್ತರ.

ಅತಿಥಿ ಉಪನ್ಯಾಸಕಿ: ಸರ್, ಪತ್ರ ಕೊಟ್ಟೆ. ಅವರ ಮನೆಗೂ ಫೋನ್ ಮಾಡಿದೆ. ಫೋನ್ ತೆಗೆದದ್ದು ಆ ಚಿಕ್ಕಪ್ಪನೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಕಳಿಸ್ತೀನಿ ಮೇಡಂ" ಅಂದರು. ಬೊಮ್ಮಾಯಿ ಪಾಠಕ್ಕೆ 1989ರ ಪೇಪರ್ ಕಟಿಂಗ್ ಎಲ್ಲಾದರೂ ಸಿಗುತ್ತಾ?

ಮೇಷ್ಟ್ರು: ನನ್ನ ಟ್ರಂಕಿನಲ್ಲಿ ಇದೆ. ರಾತ್ರಿ ಫೋಟೋ ತೆಗೆದು ಕಳಿಸುತ್ತೇನೆ. ಪ್ರಾಂಶುಪಾಲರು ಸ್ವೀಕೃತಿ ಸಹಿ ಹಾಕಿದರಾ? ಅದನ್ನು ಹೇಳಲೇ ಇಲ್ಲ ನೀವು.