ಸಾಕಮ್ಮ ಎಂಬ ಹೆಸರನ್ನು ಸಹನಾ ಮಾಡಿಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ?

ಬೇಲೂರು ಕಡೆಯವಳು (ಹಾಸನ):

ಎಲ್ಲರಿಗೂ ನಮಸ್ಕಾರ. ದಾಖಲೆಯಲ್ಲಿ ನನ್ನ ಹೆಸರು ಸಾಕಮ್ಮ ಬಿ.ಕೆ. ಬಿ ಅಂದರೆ ಊರು, ಕೆ ಅಂದರೆ ಅಪ್ಪ. ವಯಸ್ಸು 33. ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ.

ಅಪ್ಪನಿಗೆ ನಾನು ನಾಲ್ಕನೇ ಹೆಣ್ಣು. ನಾನು ಹುಟ್ಟಿದ ಸುದ್ದಿ ಹೇಳಿದಾಗ ಅಜ್ಜಿ ಕೊಟ್ಟಿಗೆಯಿಂದ ಈಚೆಗೂ ಬರಲಿಲ್ಲವಂತೆ. ಅಲ್ಲಿಂದಲೇ "ಇನ್ನು ಸಾಕು" ಅಂದರಂತೆ. ಅದೇ ಹೆಸರಾಯಿತು. ಎರಡು ವರ್ಷದ ಮೇಲೆ ತಮ್ಮ ಹುಟ್ಟಿದ. ಅವನ ಹೆಸರು ವರಪ್ರಸಾದ.

ಪಿಯುಸಿಗೆ ಹಾಸನಕ್ಕೆ ಬಂದಾಗ ಹಾಸ್ಟೆಲಿನಲ್ಲಿ ಹೆಸರು ಕೇಳಿದರು. ಬಾಯಿಗೆ ಬಂದಿದ್ದು ಸಹನಾ. ಅವತ್ತಿನಿಂದ ಎಲ್ಲರಿಗೂ ಸಹನಾ. ಲಗ್ನಪತ್ರಿಕೆಯಲ್ಲೂ ಚಿ. ಸೌ. ಸಹನಾ. ಆದರೆ ಎಸ್‌ಎಸ್‌ಎಲ್‌ಸಿ, ಬಿ.ಕಾಂ., ಆಧಾರ್, ಪ್ಯಾನ್, ಪಿಎಫ್, ಬ್ಯಾಂಕ್ ಎಲ್ಲ ಕಡೆ ಸಾಕಮ್ಮ.

ತೊಂದರೆ ಶುರುವಾಗಿದ್ದು ಮಗಳಿಂದ. ಅವಳು ಹುಟ್ಟಿದಾಗ ಆಸ್ಪತ್ರೆಯ ಫಾರಂ ತುಂಬಿದ್ದು ನಮ್ಮ ಮನೆಯವರು. ತಾಯಿಯ ಹೆಸರು ಸಹನಾ ಅಂತ ಬರೆದುಬಿಟ್ಟರು. ಈಗ ಎಲ್‌ಕೆಜಿಗೆ ಸೇರಿಸಲು ಹೋದರೆ "ಜನನ ಪ್ರಮಾಣಪತ್ರದಲ್ಲಿರುವ ತಾಯಿ ಯಾರು, ಆಧಾರ್ ತಂದಿರುವ ನೀವು ಯಾರು" ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಮನೆಗೆ ಬಂದು ಮನೆಯವರ ಜೊತೆ ಎರಡು ದಿನ ಮಾತು ಬಿಟ್ಟೆ.

ಒಬ್ಬ ಏಜೆಂಟ್ ಎಂಟು ಸಾವಿರ ಕೇಳಿದ, ಎಲ್ಲಾ ನಾನೇ ಮಾಡಿಸಿಕೊಡ್ತೀನಿ ಅಂದ. ಅಷ್ಟು ಬೇಕಾ? ಕೋರ್ಟಿಗೆ ಹೋಗಬೇಕಾ? ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲೂ ಬದಲಾಗುತ್ತದಾ? ಮಾಡಿಸಿಕೊಂಡವರು ಇದ್ದರೆ ಹೇಳಿ.

ಕೋರ್ಟ್ ಮುಂದಿನ ಟೈಪಿಸ್ಟ್ (ಹಾಸನ):

ಮೇಡಂ, ಏಜೆಂಟನ್ನು ಬಿಡಿ. ಅವನು ಮಾಡುವ ಕೆಲಸದಲ್ಲಿ ಅರ್ಧ ನನ್ನಂಥವರ ಮೇಜಿನ ಮೇಲೇ ಮುಗಿಯುತ್ತದೆ.

ಮೊದಲು ಒಂದು ಮಾತು. ಮಗಳ ಸ್ಕೂಲಿಗಾಗಿ ಮಾತ್ರ ಆದರೆ ನಿಮ್ಮ ಹೆಸರು ಬದಲಿಸುವ ಅಗತ್ಯವೇ ಇಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969ರ 15ನೇ ಸೆಕ್ಷನ್‌ನಲ್ಲಿ ತಪ್ಪು ನಮೂದನ್ನು ನೋಂದಣಾಧಿಕಾರಿಯೇ ತಿದ್ದಬಹುದು. ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ತಿದ್ದುಪಡಿ ಬರೆಯುತ್ತಾರೆ. ವಿಷಯ ಗೊತ್ತಿರುವ ಇಬ್ಬರ ಅಫಿಡವಿಟ್ ಮತ್ತು ನಿಮ್ಮ ದಾಖಲೆ ಬೇಕು. ಒಂದೇ ಕಾಗದ ಸರಿಮಾಡಿದರೆ ಆಯಿತು.

ಇಲ್ಲ, ನನಗೆ ಸಹನಾ ಎಂಬ ಹೆಸರೇ ಬೇಕು ಅಂದರೆ ದಾರಿ ಬೇರೆ. ಅದಕ್ಕೂ ಕೋರ್ಟ್ ಬೇಡ. ಇ-ಸ್ಟ್ಯಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿ ನೋಟರಿ ಮುಂದೆ ಸಹಿ ಹಾಕಬೇಕು. ಅಫಿಡವಿಟ್‌ಗೆ ಮುಂಚೆ 20 ರೂಪಾಯಿಯ ಸ್ಟ್ಯಾಂಪ್ ಸಾಕಿತ್ತು, 2024ರಿಂದ 100 ರೂಪಾಯಿ. ಆಮೇಲೆ ಎರಡು ಪೇಪರಿನಲ್ಲಿ ಜಾಹೀರಾತು, ಒಂದು ಕನ್ನಡ, ಒಂದು ಇಂಗ್ಲಿಷ್. ಕೊನೆಗೆ ಗೆಜೆಟ್, ಅಂದರೆ ಸರ್ಕಾರದ ರಾಜ್ಯಪತ್ರ. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಕೇಂದ್ರದ ಪ್ರಕಟಣಾ ಇಲಾಖೆಗೆ ಕಳಿಸುವುದು. ನಾನು ಈಚೆಗೆ ಒಬ್ಬರದು ಕಳಿಸಿಕೊಟ್ಟಾಗ ದೊಡ್ಡವರ ಹೆಸರಿಗೆ ಶುಲ್ಕ 1,100 ರೂಪಾಯಿ ಇತ್ತು. ಇಬ್ಬರು ಸಾಕ್ಷಿಗಳ ಸಹಿ ಬೇಕು. ವರ್ಡ್ ಫೈಲ್ ಹಾಕಿದ ಒಂದು ಸಿ.ಡಿ.ಯೂ ಬೇಕಿತ್ತು. ಸಿ.ಡಿ. ಹುಡುಕಲು ನನಗೆ ಅರ್ಧ ದಿನ ಹಿಡಿಯಿತು, ಕೊನೆಗೆ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರ ಹತ್ತಿರ ಸಿಕ್ಕಿತು. ಶನಿವಾರ ಬರುವ ವಾರದ ಗೆಜೆಟ್‌ನ 4ನೇ ಭಾಗದಲ್ಲಿ ಪ್ರಕಟವಾಗುತ್ತದೆ. ಪಿಡಿಎಫ್ ನೀವೇ ಇಳಿಸಿಕೊಳ್ಳಬಹುದು.

22 ವರ್ಷದಿಂದ ಟೈಪ್ ಮಾಡುತ್ತಿದ್ದೇನೆ, ಜನ ಎಡವುವುದು ಒಂದೇ ಪದದಲ್ಲಿ. "ಸಾಕಮ್ಮ ಉರುಫ್ ಸಹನಾ" ಅಂತ ಹಾಕಿ ಅನ್ನುತ್ತಾರೆ. ಉರುಫ್ ಅಂದರೆ ಎರಡೂ ಹೆಸರು ನಿಮ್ಮವೇ, ಎರಡೂ ನಡೆಯುತ್ತಿವೆ ಅಂತ. ಜಮೀನಿನ ಪಹಣಿಯಲ್ಲಿ ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ), ಉರುಫ್ ನೋಡಿ ನೋಡಿ ನಮಗೆ ಅದೇ ರೂಢಿ. ಹೆಸರು ಬದಲಾವಣೆಗೆ "ಇದುವರೆಗೆ ಸಾಕಮ್ಮ ಬಿ.ಕೆ. ಎಂದಿದ್ದ ನಾನು ಇನ್ನು ಮುಂದೆ ಎಲ್ಲ ವ್ಯವಹಾರಕ್ಕೂ ಸಹನಾ ಎಂದು ಕರೆಯಲ್ಪಡುತ್ತೇನೆ" ಅಂತ ಬರಬೇಕು. ಅಫಿಡವಿಟ್, ಎರಡು ಪೇಪರ್, ಗೆಜೆಟ್ ಅರ್ಜಿ, ನಾಲ್ಕರಲ್ಲೂ ಇಂಗ್ಲಿಷ್ ಅಕ್ಷರ ಒಂದೇ ಸಮ ಇರಬೇಕು. ಜಾಹೀರಾತಿನ ಪ್ರೂಫ್ ನೋಡದೆ ದುಡ್ಡು ಕೊಡಬೇಡಿ.

ತೋಟದ ರೈಟರ್ (ಮೂಡಿಗೆರೆ):

ಅಕ್ಕ, ಟೈಪಿಸ್ಟ್ ಅಣ್ಣ ಹೇಳಿದ್ದು ಸರಿ. ನಾನು ಎಲ್ಲವನ್ನೂ ತಿರುಗಾಮುರುಗಾ ಮಾಡಿಕೊಂಡವನು, ಅದಕ್ಕೇ ಹೇಳುತ್ತೇನೆ.

ನನ್ನ ಹೆಸರಿನ ಕೊನೆಗೆ ಗೌಡ ಇದೆ, ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಮೊದಲು ಆಧಾರ್‌ನಲ್ಲಿ ಇನಿಷಿಯಲ್ ಸೇರಿಸಿದೆ. ಒಂದು ವರ್ಷ ಬಿಟ್ಟು ಒಂದು ಅಕ್ಷರ ಸರಿಮಾಡಿಸಿದೆ. ಕೊನೆಗೆ ಜಾತಕದ ಹೆಸರೇ ಇರಲಿ ಅಂತ ಅಫಿಡವಿಟ್, ಪೇಪರ್, ಗೆಜೆಟ್ ಎಲ್ಲ ಮಾಡಿಸಿಕೊಂಡು ಹೋದೆ. ಆಗ ತಿಳಿಯಿತು: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ನನ್ನ ಎರಡೂ ಒಂದೊಂದು ಅಕ್ಷರಕ್ಕೆ ಖರ್ಚಾಗಿದ್ದವು! ಆಮೇಲೆ ವಿಶೇಷ ಪ್ರಕರಣ ಅಂತ ಆಧಾರ್‌ನವರ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಬರೆದುಕೊಂಡೆ. ಕಾಫಿ ಕೊಯ್ಲಿನ ಟೈಮು ಬೇರೆ. ದಿನಾ ಸಂಜೆ ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ) ಬರೆದು, ರಾತ್ರಿ ಇದಕ್ಕೆ ಕಾಗದ ಸ್ಕ್ಯಾನ್ ಮಾಡುತ್ತಾ ಕೂರುತ್ತಿದ್ದೆ.

ಅದಕ್ಕೇ, ಇನಿಷಿಯಲ್ ಬೇಕಾ ಬೇಡವಾ, ಬೇಕಾದರೆ ಬಿಡಿಸಿ ಬರೆಯುವುದಾ, ಮೊದಲು ತೀರ್ಮಾನ ಮಾಡಿ. ಪಾಸ್‌ಪೋರ್ಟ್‌ನವರು ಇನಿಷಿಯಲ್ ಬಿಡಿಸಿ ಕೇಳುತ್ತಾರೆ. ನಮ್ಮ ಕಡೆ ಹೆಸರೆಂದರೆ ಊರು, ಅಪ್ಪ, ಆಮೇಲೆ ನಾವು. ದೇವೇಗೌಡರನ್ನೇ ನೋಡಿ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಇದರಲ್ಲಿ ಸರ್‌ನೇಮ್ ಯಾವುದು ಅಂತ ಫಾರಂ ಕೇಳಿದರೆ ಏನು ಹೇಳುವುದು?

ಗೆಜೆಟ್ ಬಂದ ಮೇಲೆ ಮೊದಲು ಆಧಾರ್. ಹೆಸರು ಪೂರ್ತಿ ಬದಲಾದರೆ ಗೆಜೆಟ್ ಜೊತೆ ಹಳೆ ಹೆಸರಿನ ಫೋಟೋ ಇರುವ ಗುರುತಿನ ಚೀಟಿಯೂ ಬೇಕು. ಆಮೇಲೆ ಪ್ಯಾನ್. ಇವೆರಡೂ ಒಂದೇ ಆಗದಿದ್ದರೆ ಲಿಂಕ್ ಒಪ್ಪುವುದಿಲ್ಲ. ನಂತರ ಬ್ಯಾಂಕ್. ಪಿಎಫ್‌ನಲ್ಲೂ ಹೆಸರು ಬದಲಿಸಿಕೊಳ್ಳಿ, ಮರೆಯಬೇಡಿ. ಕೆಲಸ ಬಿಟ್ಟು ದುಡ್ಡು ತೆಗೆಯುವ ದಿನ ನೆನಪಾದರೆ ಗೋಳು. ವೋಟರ್ ಕಾರ್ಡ್‌ಗೆ ಫಾರಂ 8.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ನಾನು ಮುಟ್ಟಲಿಲ್ಲ. ಶಾಲೆಯ ದಾಖಲೆಯಲ್ಲಿ ಸರಿಯಿದ್ದು ಕಾರ್ಡ್‌ನಲ್ಲಿ ಅಕ್ಷರ ತಪ್ಪಿದ್ದರೆ ಹೆಡ್‌ಮಾಸ್ಟರ್ ಮೂಲಕ ಬೆಂಗಳೂರಿನ ಮಲ್ಲೇಶ್ವರದ ಪರೀಕ್ಷಾ ಮಂಡಳಿಗೆ ಹೋಗುತ್ತದೆ. ಹೆಸರೇ ಬೇರೆ ಆದರೆ ಶಾಲೆ ದಾಖಲೆಗೆ ಸಿವಿಲ್ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಕೇಳುತ್ತಾರೆ, ವರ್ಷಗಟ್ಟಲೆ ಅಲೆದಾಟ. ನನ್ನ ಕಾರ್ಡಿನಲ್ಲಿ ಹಳೆ ಹೆಸರೇ ಇದೆ. ಕೇಳಿದ ಕಡೆ ಅದಕ್ಕೆ ಗೆಜೆಟ್ ಪಿನ್ ಹೊಡೆದು ಕೊಡುತ್ತೇನೆ. ಇದುವರೆಗೂ ನಡೆದಿದೆ.

ಕಡೂರಿನ ನಿವೃತ್ತ ಮೇಷ್ಟ್ರು:

ನೋಡಮ್ಮ, ವಯಸ್ಸಾದವನು, ಬೇಜಾರು ಮಾಡಿಕೊಳ್ಳಬೇಡ. ಸಾಕಮ್ಮ ಕೆಟ್ಟ ಹೆಸರಲ್ಲ. ಕಾಫಿ ಲೆಕ್ಕ ಬರೆಯುವವಳು ನೀನು, ಕಾಫಿ ಪುಡಿ ಸಾಕಮ್ಮನ ಹೆಸರು ಕೇಳಿಲ್ಲವೇ? ದೊಡ್ಡಮನೆ ಸಾಕಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಸೋಮವಾರಪೇಟೆ ಕಡೆಯ ಕಾಫಿ ತೋಟಗಳನ್ನು ತಾನೇ ನಡೆಸಿದಾಕೆ. ಆಮೇಲೆ ಬೆಂಗಳೂರಿಗೆ ಬಂದು ಕಾಫಿ ಹುರಿದು ಪುಡಿಮಾಡುವ ಕಾರ್ಖಾನೆ ಹಾಕಿದಳು. ಬಸವನಗುಡಿಯ ಕಡೆ ಸಾಕಮ್ಮ ಗಾರ್ಡನ್ ಅಂತ ಜಾಗವೇ ಇದೆ. ಮಹಾರಾಜರು ಲೋಕಸೇವಾಪಾರಾಯಣಿ ಅಂತ ಬಿರುದು ಕೊಟ್ಟರು. ಆ ಕಾಲದಲ್ಲಿ ಹೆಸರಿನ ಹಿಂದೆ ಮುಂದೆ ಬಿರುದು ಸೇರುತ್ತಿತ್ತು. ಸಂವಿಧಾನದ 18ನೇ ವಿಧಿ ಬಂದ ಮೇಲೆ ಸರ್ಕಾರ ಅಂಥ ಬಿರುದು ಕೊಡುವುದು ನಿಂತಿತು.

ನನ್ನ ಹಾಜರಿ ಪುಸ್ತಕದಲ್ಲಿ ಎಷ್ಟು ಸಾಕಮ್ಮ, ತಿಪ್ಪಮ್ಮ, ಕಲ್ಲಯ್ಯ ಇದ್ದರೋ. ಮಕ್ಕಳು ಉಳಿಯುತ್ತಿರಲಿಲ್ಲ, ದೃಷ್ಟಿ ತಾಗಬಾರದೆಂದು ತಿಪ್ಪೆ, ಕಲ್ಲು ಅಂತ ಇಡುತ್ತಿದ್ದರು. ಪ್ರೀತಿಯೂ ಇತ್ತು ಅದರಲ್ಲಿ. ಮಗಳ ಪ್ರಮಾಣಪತ್ರ ತಿದ್ದಿಸಿ ಸುಮ್ಮನಿರು ಅನ್ನುವುದು ನನ್ನ ಮಾತು.

ಪಿಎಚ್.ಡಿ. ಮುಗೀತು (ಚಿಕ್ಕಮಗಳೂರು):

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಮುಂದೆ ಡಾ. ಸೇರಿಸಬಹುದಾ? ಹಾಗೇ ಮದುವೆ ಆದರೆ ಗಂಡನ ಹೆಸರು ಸೇರಿಸಲೇಬೇಕಾ? ಅತ್ತೆ ಕೇಳುತ್ತಿದ್ದಾರೆ.

ಕೋರ್ಟ್ ಮುಂದಿನ ಟೈಪಿಸ್ಟ್:

ಡಾ., ಕರ್ನಲ್, ಶ್ರೀಮತಿ ಯಾವುದೂ ಪಾಸ್‌ಪೋರ್ಟ್‌ಗೆ ಹೋಗುವುದಿಲ್ಲ ಮೇಡಂ, ಬರೀ ಹೆಸರು. ಗಂಡನ ಹೆಸರು ಸೇರಿಸಬೇಕೆಂದು ಯಾವ ಕಾನೂನೂ ಇಲ್ಲ. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್ ಅರ್ಜಿಗೆ ಮದುವೆ ಸರ್ಟಿಫಿಕೇಟ್ ಕೂಡ ಬೇಡ. ಅತ್ತೆಯವರಿಗೆ ಏನು ಹೇಳಬೇಕೋ ಅದು ನನ್ನ ಮೇಜಿನ ಕೆಲಸ ಅಲ್ಲ.

ಬೇಲೂರು ಕಡೆಯವಳು:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಬೇಜಾರಿಲ್ಲ. ಕಾಫಿ ಸಾಕಮ್ಮನವರ ವಿಷಯ ನಮ್ಮ ಆಫೀಸಿನಲ್ಲೂ ಹೇಳಿದೆ, ಎಲ್ಲರಿಗೂ ಇಷ್ಟವಾಯಿತು. ಆದರೆ ಆ ತಾಯಿಗೆ ಯಾಕೆ ಆ ಹೆಸರು ಇಟ್ಟರೋ. ನನಗೆ ಇಟ್ಟಿದ್ದು ಯಾಕೆ ಅಂತ ನನಗೆ ಗೊತ್ತು. ದೃಷ್ಟಿ ತಾಗಬಾರದೆಂದು ಅಲ್ಲ. ನಾಳೆ ಮಗಳು "ಅಮ್ಮ, ನಿನಗೆ ಯಾಕೆ ಈ ಹೆಸರು" ಅಂತ ಕೇಳುತ್ತಾಳೆ, ಆಗ ಕೊಟ್ಟಿಗೆ ಕಥೆ ಹೇಳಲು ನನಗೆ ಇಷ್ಟವಿಲ್ಲ. ಜೊತೆಗೆ, ನಾನು ಸಹನಾ ಆದರೆ ಅವಳ ಪ್ರಮಾಣಪತ್ರ ಮುಟ್ಟುವುದೇ ಬೇಡ, ಅಲ್ವಾ? ಮನೆಯವರು ಐದು ವರ್ಷದ ಹಿಂದೆ ಬರೆದಿದ್ದೇ ಸರಿ ಆಗಿಬಿಡುತ್ತದೆ. ಅದೊಂದೇ ಹೊಟ್ಟೆಉರಿ.

ಸ್ಕೂಲಿನವರು ಸದ್ಯಕ್ಕೆ, ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಕೊಟ್ಟರೆ ಸೇರಿಸಿಕೊಳ್ಳುತ್ತೇವೆ ಅಂದರು. ಇನಿಷಿಯಲ್ ಇಟ್ಟುಕೊಳ್ಳಲಾ, ಬಿಡಲಾ?

ಕೋರ್ಟ್ ಮುಂದಿನ ಟೈಪಿಸ್ಟ್:

ಇಟ್ಟುಕೊಳ್ಳುವುದಾದರೆ ಊರು, ಅಪ್ಪ ಎರಡನ್ನೂ ಪೂರ್ತಿ ಬರೆದುಬಿಡಿ. ಇಲ್ಲವಾದರೆ ಪೂರ್ತಿ ಬಿಡಿ. ಅರ್ಧಂಬರ್ಧ ಬೇಡ. ಇಂಗ್ಲಿಷ್‌ನಲ್ಲಿ ಸಹನಾ ಕೊನೆಗೆ ಒಂದು ಎ ಅಕ್ಷರವೋ ಎರಡೋ, ಅದನ್ನೂ ಮನೆಯಲ್ಲೇ ಮಾತಾಡಿಕೊಂಡು ಬನ್ನಿ. ಮಗಳ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೇ ಮಾಡಿದರೆ ಒಳ್ಳೆಯದು.

ಬೇಲೂರು ಕಡೆಯವಳು:

ಮಾಡಿಸಿದೆ. ಒಂದೇ ಎ. ಅಪ್ಪನ ಹೆಸರು ಪೂರ್ತಿ ಇಟ್ಟುಕೊಂಡೆ, ಊರು ಬಿಟ್ಟೆ. ಪೇಪರ್ ಜಾಹೀರಾತು ಎರಡೂ ಬಂದಿವೆ, ಐದೈದು ಪ್ರತಿ ತೆಗೆದಿಟ್ಟಿದ್ದೇನೆ. ಗೆಜೆಟ್ ಅರ್ಜಿ ಇವತ್ತು ಸ್ಪೀಡ್ ಪೋಸ್ಟ್‌ನಲ್ಲಿ ಹೋಯಿತು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ನಮ್ಮ ಆಫೀಸಿನವರು, ಇನ್ನೊಬ್ಬ ವರಪ್ರಸಾದ. ಅಂಗಡಿ ಬಾಗಿಲು ಹಾಕಿಕೊಂಡು ಬೈಕಿನಲ್ಲಿ ಬಂದ. ಪೆನ್ನು ಮರೆತು ಬಂದಿದ್ದ, ನನ್ನದೇ ಕೊಟ್ಟೆ.