ಲೂಸೀನ್ ಫಿಲ್ಟರ್: ಚೆಕ್‌ರ‍್ಯಾಂಡಮ್‌ಡೇಟಾ ಮಾತ್ರ ಆಗಾಗ ವಿಫಲವಾಗುತ್ತಿದೆ

ಪ್ರಶ್ನೆ

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ ಹುಡುಕಲು ಲೂಸೀನ್‌ಗೆ (ಪಠ್ಯ ಹುಡುಕುವ ಜಾವಾ ಲೈಬ್ರರಿ) ಒಂದು ಟೋಕನ್ ಫಿಲ್ಟರ್, ಅಂದರೆ ಪಠ್ಯದಿಂದ ಬಿಡಿಸಿದ ಪದಗಳನ್ನು (ಟೋಕನ್) ಒಂದೊಂದಾಗಿ ಓದಿ ತಿದ್ದುವ ಕೋಡ್, ಬರೆದಿದ್ದೇನೆ. ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಡೆದ ಪದವನ್ನು ಅದು ಮುಂದಿನ ತುಂಡಿಗೆ ಕೂಡಿಸಬೇಕು, ಅದೂ ಕೂಡಿದ ರೂಪ ನಿಘಂಟಿನಲ್ಲಿದ್ದರೆ ಮಾತ್ರ. ಅಡ್ಡಗೆರೆ ಕಂಡೊಡನೆ ಆ ತುಂಡನ್ನು ಕ್ಯಾಪ್ಚರ್‌ಸ್ಟೇಟ್‌ನಿಂದ (ಟೋಕನ್‌ನ ಸ್ಥಿತಿಯನ್ನು ನಕಲಿಸಿಡುವ ಮೆಥಡ್) ಹಿಡಿದಿಟ್ಟು ಮುಂದಿನ ಟೋಕನ್ ಓದುತ್ತೇನೆ.

ಕೈಯಾರೆ ಬರೆದ 12 ಟೆಸ್ಟ್‌ಗಳೂ ಪಾಸಾಗುತ್ತವೆ. ಚೆಕ್‌ರ‍್ಯಾಂಡಮ್‌ಡೇಟಾ (ಯಾದೃಚ್ಛಿಕ ಪಠ್ಯಗಳನ್ನು ಕೊಟ್ಟು ಪರೀಕ್ಷಿಸುವ ಲೂಸೀನ್‌ನ ಮೆಥಡ್) ಮಾತ್ರ ಒಮ್ಮೆ ಪಾಸು, ಒಮ್ಮೆ ವಿಫಲ. ಸೋತಾಗಲೆಲ್ಲ ತಪ್ಪು ಮೊಟ್ಟಮೊದಲ ಟೋಕನ್‌ನಲ್ಲೇ ಇರುತ್ತದೆ, ಮತ್ತು ಅಲ್ಲಿ ಬಂದಿರುವ ಪದ ಆ ಪಠ್ಯದಲ್ಲಿ ಎಲ್ಲೂ ಇಲ್ಲ! ಎರಡು ದಿನದಿಂದ ಕೂಡಿಸುವ ತರ್ಕವನ್ನೇ ಸಾಲು ಸಾಲಾಗಿ ನೋಡುತ್ತಿದ್ದೇನೆ.

ಉತ್ತರ 1

ಆ ಪದ ಹಿಂದಿನ ಪಠ್ಯದ್ದು. ಅನಲೈಜರ್ (ಪಠ್ಯವನ್ನು ಟೋಕನ್‌ಗಳಾಗಿಸಿ ಫಿಲ್ಟರ್‌ಗಳ ಮೂಲಕ ಹಾಯಿಸುವ ಭಾಗ) ಪ್ರತಿ ಪಠ್ಯಕ್ಕೂ ಹೊಸ ಫಿಲ್ಟರ್ ಕಟ್ಟುವುದಿಲ್ಲ, ಅದೇ ಥ್ರೆಡ್‌ನಲ್ಲಿ ಹಳೆಯದನ್ನೇ ಮತ್ತೆ ಬಳಸುತ್ತದೆ. ನಿಮ್ಮ ಟೆಸ್ಟ್‌ಗಳು ಪಠ್ಯವನ್ನು ಕೊನೆಯವರೆಗೂ ಓದುವುದರಿಂದ ಹಿಡಿದಿಟ್ಟ ತುಂಡು ತಾನಾಗಿಯೇ ಖಾಲಿಯಾಗುತ್ತದೆ. ಚೆಕ್‌ರ‍್ಯಾಂಡಮ್‌ಡೇಟಾ ಆಗೊಮ್ಮೆ ಈಗೊಮ್ಮೆ ಓದುವಿಕೆಯ ನಡುವೆ ಬೇಕೆಂದೇ ಎಕ್ಸೆಪ್ಶನ್ (ಓದನ್ನು ಅರ್ಧಕ್ಕೆ ನಿಲ್ಲಿಸುವ ದೋಷ) ಎಸೆಯುತ್ತದೆ. ಆಗ ತುಂಡು ಒಳಗೇ ಉಳಿಯುತ್ತದೆ. ಹೊಸ ಪಠ್ಯ ಓದುವ ಮೊದಲು ಕರೆಯಲಾಗುವ ನಿಮ್ಮ ರೀಸೆಟ್ ಮೆಥಡ್ ಅದನ್ನು ನಲ್ (ಖಾಲಿ) ಮಾಡುತ್ತಿದೆಯೇ? ಅಡ್ಡಗೆರೆಯಿಂದ ಒಡೆದ ಪದಗಳನ್ನು ಕೂಡಿಸಲು ಲೂಸೀನ್‌ನಲ್ಲೇ ಇರುವ ಹೈಫನೇಟೆಡ್‌ವರ್ಡ್ಸ್‌ಫಿಲ್ಟರ್‌ನ ರೀಸೆಟ್ ಒಮ್ಮೆ ನೋಡಿ. ಸೂಪರ್ ರೀಸೆಟ್ (ಮೂಲ ಕ್ಲಾಸಿನ ರೀಸೆಟ್) ಕರೆಯುವುದನ್ನೂ ಮರೆಯಬೇಡಿ.

ಉತ್ತರ 2

ಟೆಸ್ಟ್ ಸೋತಾಗ ಅಚ್ಚಾಗುವ ಸೀಡ್ ಸಂಖ್ಯೆಯನ್ನು (ಯಾದೃಚ್ಛಿಕ ಪಠ್ಯಗಳು ಹುಟ್ಟುವ ಮೂಲ ಸಂಖ್ಯೆ) ಬರೆದಿಟ್ಟುಕೊಳ್ಳಿ. ಟೆಸ್ಟ್ಸ್ ಡಾಟ್ ಸೀಡ್ ಎಂಬ ಸೆಟ್ಟಿಂಗ್‌ಗೆ ಅದನ್ನೇ ಕೊಟ್ಟು ಓಡಿಸಿದರೆ ಅದೇ ಪಠ್ಯಗಳು ಅದೇ ಕ್ರಮದಲ್ಲಿ ಬರುತ್ತವೆ. ಅದಿಲ್ಲದೆ "ಈಗ ಸರಿಯಾಯಿತು" ಎಂದು ನಂಬಲು ಆಧಾರವಿಲ್ಲ.

ಪ್ರಶ್ನೆ ಕೇಳಿದವರು

ರೀಸೆಟ್ ಮೆಥಡ್ ಅನ್ನು ನಾನು ಬರೆದೇ ಇರಲಿಲ್ಲ. ಬರೆದು, ವಿಫಲವಾಗಿದ್ದ ಅದೇ ಸೀಡ್ ಕೊಟ್ಟು ಓಡಿಸಿದೆ, ಪಾಸಾಯಿತು. ಇಬ್ಬರಿಗೂ ಧನ್ಯವಾದ. ಒಂದು ಟೋಕನ್ ಓದಿ ನಿಲ್ಲಿಸಿ, ಬಳಿಕ ಬೇರೆ ಪಠ್ಯ ಕೊಡುವ 13ನೆಯ ಟೆಸ್ಟ್ ಬರೆಯಲು ಹೊರಟರೆ ಮಾಕ್‌ಟೋಕನೈಜರ್ (ಟೆಸ್ಟ್‌ಗಳಲ್ಲಿ ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಲೂಸೀನ್‌ನ ಕ್ಲಾಸು) ಒಪ್ಪುತ್ತಿಲ್ಲ. ಇದನ್ನು ಬಿಡಲು ಮನಸ್ಸಿಲ್ಲ: ನಿಜವಾದ ಇಂಡೆಕ್ಸ್‌ನಲ್ಲಿ ಒಂದು ಪುಸ್ತಕ ಅರ್ಧಕ್ಕೆ ಕೆಟ್ಟರೆ ಅದರ ಪದ ಮುಂದಿನ ಪುಸ್ತಕಕ್ಕೆ ಸೇರಿಬಿಡುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಉತ್ತರ 1

ಪೂರ್ತಿ ಓದದೆ ಮುಚ್ಚುವುದನ್ನು ಮಾಕ್‌ಟೋಕನೈಜರ್ ತಪ್ಪೆಂದು ಹಿಡಿಯುತ್ತದೆ. ಆ ಒಂದು ಟೆಸ್ಟ್‌ನಲ್ಲಿ ಮಾತ್ರ ಅದರ ಸೆಟ್‌ಎನೇಬಲ್‌ಚೆಕ್ಸ್‌ಗೆ ಫಾಲ್ಸ್ ಕೊಟ್ಟು ಈ ತಪಾಸಣೆ ನಿಲ್ಲಿಸಿ. ಉಳಿದ 12ರಲ್ಲಿ ಹಾಗೆಯೇ ಇರಲಿ.